ಇರುವೆಯ ದವಡೆ ಅಡ್ಡಡ್ಡ ತೆರೆಯುವುದೇಕೆ

ಜಗತ್ತು ಇನ್ನೂ ಹಸಿಮಣ್ಣಿನ ವಾಸನೆ ಬೀರುತ್ತಿದ್ದ ಕಾಲ. ಆಗ ಗಂಟುಗಂಟು ಕಾಲಿನ ಜೀವಗಳಿಗೆಲ್ಲ ಬಾಯಿ ಇತ್ತು, ಅಗಿಯಲು ದವಡೆ ಇರಲಿಲ್ಲ. ಅವಕ್ಕೆಲ್ಲ ಅಗಿದು ಕೊಡುತ್ತಿದ್ದವಳು ನೆಲದವ್ವ.

ಬೆಳಗಾದರೆ ಸಾಕು, ಎಲೆ ಅಗಿದು ಕೊಡು ಎಂದು ಮಿಡತೆ ಬರುತ್ತಿತ್ತು. ಅದು ಹೋಗುವಷ್ಟರಲ್ಲಿ ಇರುವೆ ಕಾಳು ತರುತ್ತಿತ್ತು. ಏಡಿ ಪಾಚಿ ತರುತ್ತಿತ್ತು. ಜರಿ ಏನು ತರುತ್ತಿತ್ತೋ, ನೆಲದವ್ವ ಕಣ್ಣು ಮುಚ್ಚಿಕೊಂಡೇ ಅಗಿಯುತ್ತಿದ್ದಳು. ಅಗಿದೂ ಅಗಿದೂ ಅವಳ ದವಡೆ ಬಾತುಕೊಂಡಿತ್ತು. ತಾನು ನೆಮ್ಮದಿಯಾಗಿ ಒಂದು ತುತ್ತು ಉಂಡದ್ದು ಯಾವಾಗಲೋ, ಅವಳಿಗೇ ನೆನಪಿರಲಿಲ್ಲ.

ಒಂದು ದಿನ ಅವಳಿಗೆ ಸಾಕೋ ಸಾಕಾಯಿತು. ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡಳು.

"ನಾಳೆಯಿಂದ ನಾನು ಅಗಿಯುವುದಿಲ್ಲ. ನಿಮಗೆ ಕಾಲಿಗೇನು ಬರವೇ? ಒಂದು ಜೋಡಿ ಕೊಡಿ. ಬಾಯಿಯ ಎರಡು ಪಕ್ಕಕ್ಕೂ ಕೂರಿಸಿ ದವಡೆ ಮಾಡಿಕೊಡುತ್ತೇನೆ."

ಗೂಡಿನಲ್ಲಿ ಹಸಿದ ಮರಿಗಳಿದ್ದ ಇರುವೆ ಮರುಮಾತಾಡದೆ ಕಾಲು ಚಾಚಿತು. ಮಿಡತೆ ಕೊಟ್ಟಿತು, ಏಡಿ ಕೊಟ್ಟಿತು. ರಗಳೆ ತೆಗೆದದ್ದು ಜರಿ. ಮೈತುಂಬ ಕಾಲಿದ್ದೂ ಒಂದು ಜೋಡಿಗಾಗಿ ಅದು ಮಧ್ಯಾಹ್ನದವರೆಗೆ ಅತ್ತಿತು. ನೆಲದವ್ವ ಹಲ್ಲು ಕಚ್ಚಿಕೊಂಡು, ನೋಯುವ ದವಡೆಯನ್ನು ಇನ್ನಷ್ಟು ನೋಯಿಸಿಕೊಂಡು, ಅದನ್ನು ರಮಿಸಿದಳು. ಕೊನೆಗೆ ಅದೂ ಒಪ್ಪಿತು.

ಜೇಡ ಮಾತ್ರ ಒಪ್ಪಲಿಲ್ಲ. ಬಲೆ ನೇಯಲು ಎಂಟು ಕಾಲೂ ಬೇಕಂತೆ. ಅವಳು ಪುಸಲಾಯಿಸಿದಳು, ಗದರಿದಳು, ಹಸಿವಾದಾಗ ತಾನಾಗಿ ಬರುತ್ತದೆ ಎಂದು ಬಿಟ್ಟಳು.

ಬಂತು. ಬಡಕಲಾಗಿ, ನಡುಗುತ್ತ, ಸತ್ತ ನೊಣವೊಂದನ್ನು ಎಳೆದುಕೊಂಡು ಬಂತು.

"ಅವ್ವಾ, ಇದೊಂದು ಸಲ ಅಗಿದು ಕೊಡು."

"ಈಗಲಾದರೂ ಕಾಲು ಕೊಡುತ್ತೀಯಾ?"

"ಇಲ್ಲವ್ವಾ."

ನೆಲದವ್ವ ಹಣೆ ಹಣೆ ಚಚ್ಚಿಕೊಂಡಳು. ಹಾಗೆಂದು ಹಸಿದ ಜೀವವನ್ನು ಸಾಯಲು ಬಿಡುವುದುಂಟೇ? ಅಗಿಯೋಣವೆಂದರೆ ಅವಳ ದವಡೆ ಅಲುಗಾಡದು. ಬಾಯಲ್ಲಿ ಉಳಿದಿದ್ದದ್ದು ಬರೀ ಜೊಲ್ಲು. ಅದನ್ನೇ ಒಂದು ಹನಿ ಜೇಡದ ಬಾಯಿಗೆ ಬಿಟ್ಟಳು.

"ಹೋಗು. ಇದನ್ನು ನೊಣದ ಮೇಲೆ ಸುರಿದು, ಕರಗಿಸಿ, ಕುಡಿದುಕೋ. ಅಗಿಯುವ ಸುಖ ನಿನಗಿಲ್ಲ. ನಿನ್ನ ಕಾಟ ಇನ್ನು ನನಗೆ ಬೇಡ."

ಜೇಡ ಎಂಟು ಕಾಲನ್ನೂ ಎತ್ತಿಕೊಂಡು ಹೊರಟಿತು. ಆಮೇಲೆ ಬಾಗಿಲಿಗೆ ಯಾರೂ ಬರಲಿಲ್ಲ. ನೆಲದವ್ವ ಒಂದು ಬಟ್ಟಲು ಗಂಜಿ ಕುಡಿದು, ಹೊದ್ದು ಮಲಗಿದಳು.

ಅದಕ್ಕೇ ನೋಡು ಮಗಾ, ಇವತ್ತಿಗೂ ಸಕ್ಕರೆ ಹೊರುವ ಇರುವೆಯ ದವಡೆ ನಮ್ಮ ಹಾಗೆ ಮೇಲೆ ಕೆಳಗೆ ಆಡದೆ ಎರಡು ಪಕ್ಕದಿಂದ ಕಾಲಿನ ಹಾಗೆ ಬಂದು ಹಿಡಿಯುತ್ತದೆ, ಮೂಲೆಯ ಜೇಡ ಮಾತ್ರ ನೊಣದ ರಸ ಹೀರಿ ಸಿಪ್ಪೆಯನ್ನು ಬಲೆಯಲ್ಲೇ ತೂಗಾಡಲು ಬಿಡುತ್ತದೆ.