ಚಿತಾಗಾರದ ರಿಜಿಸ್ಟರು

ಯೂನಿಟ್ಟಿಗೆ ತೊಂಬತ್ತು ಪೈಸೆ ಏರಿಸಬೇಕೆಂದು ವಿದ್ಯುತ್ ಕಂಪನಿ ದರ ನಿಗದಿ ಮಾಡುವ ಆಯೋಗಕ್ಕೆ ಅರ್ಜಿ ಹಾಕಿತ್ತು. ಆಯೋಗದ ಬಹಿರಂಗ ವಿಚಾರಣೆಯಲ್ಲಿ ನಮ್ಮ ಗ್ರಾಹಕರ ಸಂಘ ಎರಡು ಗಂಟೆ ವಾದಿಸಿ ಸುಸ್ತಾಯಿತು. "ನಮ್ಮಲ್ಲಿ ಕರೆಂಟ್ ಹೋಗೋದೇ ಇಲ್ಲ," ಎಂದರು ಕಂಪನಿಯ ಸಾಹೇಬರು.

ಆಗ ವಿದ್ಯುತ್ ಚಿತಾಗಾರದ ನೌಕರ ಸೊಣ್ಣಪ್ಪ ರಿಜಿಸ್ಟರು ಹಿಡಿದು ಎದ್ದ.

"ಸ್ವಾಮಿ, ಒಂದು ಹೆಣ ಸುಡೋಕೆ ಒಂದೂವರೆ ಗಂಟೆ ಸಾಕು. ಹೋದ ತಿಂಗಳು ಹನ್ನೊಂದು ಹೆಣ ಆರಾರು ಗಂಟೆ ತಗೊಂಡವು. ಅರ್ಧ ಸುಟ್ಟ ಅಪ್ಪನ್ನ ಕಾಯ್ತಾ ಮಕ್ಕಳು ಹೊರಗೆ ಕೂತಿದ್ರು."

"ಅದಕ್ಕೆ ನಾನೇನಯ್ಯಾ ಮಾಡಲಿ?" ಎಂದರು ಸಾಹೇಬರು.

"ಕರೆಂಟ್ ಹೋಗಿರಲಿಲ್ಲ, ಹೆಣಗಳೇ ತಡ ಮಾಡಿದವು ಅಂತ ಬರೆದು ರುಜು ಹಾಕಿ ಸ್ವಾಮಿ. ಮನೆಯವರಿಗೆ ತೋರಿಸ್ತೀನಿ."

ಸಾಹೇಬರು ಪೆನ್ನು ಮುಟ್ಟಲಿಲ್ಲ. ಆಯೋಗದವರು ರಿಜಿಸ್ಟರು ತರಿಸಿಕೊಂಡು ಓದಿದರು.

ಏರಿಕೆ ಮೂವತ್ತು ಪೈಸೆಗೆ ಇಳಿಯಿತು. ಚಿತಾಗಾರಕ್ಕೆ ಬೇರೆ ಲೈನ್ ಬಂತು. ಬದುಕಿದ್ದವರಿಗೆ ಉಳಿದದ್ದು ಯೂನಿಟ್ಟಿಗೆ ಅರವತ್ತು ಪೈಸೆ, ಸತ್ತವರಿಗೆ ನಾಲ್ಕೂವರೆ ಗಂಟೆ.