ಚೆಲುವಯ್ಯನ ಮುಸ್ತಾಶ್

ಚೆಲುವಯ್ಯ ನದಿ ದಂಡೆಯ ಆಶ್ರಮಕ್ಕೆ ಬಂದದ್ದು ಒಂದೇ ಆಸೆಯಿಂದ. ತೀರಿಹೋದ ತಂದೆ ದಿನವೂ ಅವನ ಕನಸಿಗೆ ಬರುತ್ತಿದ್ದರು. ಬೆನ್ನು ಕಾಣುತ್ತಿತ್ತು, ಹೆಗಲ ಮೇಲಿನ ಬಿಳಿ ವಸ್ತ್ರ ಕಾಣುತ್ತಿತ್ತು. ಮುಖ ಮಾತ್ರ ಕಾಣುತ್ತಿರಲಿಲ್ಲ. ಒಂದು ಸಲ ತಿರುಗಿ ನೋಡಿದ್ದರೆ ಸಾಕಿತ್ತು.

ಅವನಿಗೂ ಅರವತ್ತು ಸಮೀಪಿಸಿತ್ತು. ಮೇಣ ಹಚ್ಚಿ ಎರಡೂ ತುದಿಗಳನ್ನು ಮೇಲಕ್ಕೆ ತಿರುವಿದ ದೊಡ್ಡ ಮೀಸೆ.

"ಇದರ ಮೇಲೆ ನಿಂಬೆಹಣ್ಣು ನಿಲ್ಲುತ್ತದೇನಯ್ಯ?" ಎಂದು ಗುರುಗಳು ಕೇಳಿದರು.

"ನಿಲ್ಲುತ್ತದೆ ಗುರುಗಳೇ. ಇದು ಬರೀ ಮೀಸೆಯಲ್ಲ, ಮುಸ್ತಾಶ್. ಫ್ರೆಂಚರು ಹಾಗನ್ನುತ್ತಾರೆ."

"ಫ್ರೆಂಚರ ಮಾತು ನಿನ್ನ ಮುಖಕ್ಕೆ ಹೇಗೆ ಬಂತು?"

"ಅಪ್ಪ ಪಾಂಡಿಚೇರಿಯಲ್ಲಿ ಒಬ್ಬ ಫ್ರೆಂಚ್ ದೊರೆಯ ಮನೆಯಲ್ಲಿ ಊಟ ಬಡಿಸುತ್ತಿದ್ದರು. ಬಾಗಿಲು ಕಾಯುವವನಿಗೆ ಮೀಸೆ ಇರಲೇಬೇಕು, ಬಡಿಸುವವನಿಗೆ ಇರಕೂಡದು. ಅದು ಆ ಮನೆಯ ಕಟ್ಟಳೆ. ಒಮ್ಮೆ ಅಪ್ಪನಿಗೆ ನಾಲ್ಕು ದಿನ ಜ್ವರ. ಕ್ಷೌರ ಮಾಡಿಕೊಳ್ಳದೆ ಕೆಲಸಕ್ಕೆ ಹೋದರು. ದೊರೆಸಾನಿ ತನ್ನ ತುಟಿಯ ಮೇಲೆ ಬೆರಳಿಟ್ಟು 'ಮುಸ್ತಾಶ್?' ಅಂದಳು. ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ನಾನು ಅಡಿಗೆಮನೆಯ ಬಾಗಿಲ ಸಂದಿಯಲ್ಲಿದ್ದೆ."

"ಅಪ್ಪ ಏನಂದರು?"

"ಬಗ್ಗಿ ಸೂಪು ಬಡಿಸಿದರು. ನಾನು ಎಂದೂ ಹಾಗೆ ಬಗ್ಗಬಾರದು ಅಂತ ಅವತ್ತೇ ನಿಶ್ಚಯಿಸಿದೆ."

"ಮುಸ್ತಾಶ್ ಅನ್ನುವ ಆ ಮಾತು ಕಿವಿಗೆ ಹೇಗಿತ್ತು?"

ಚೆಲುವಯ್ಯ ಕಣ್ಣು ಮುಚ್ಚಿದ. "ಚೆನ್ನಾಗಿತ್ತು. ರೇಷ್ಮೆ ಸರಿದ ಹಾಗೆ. ಹೊಸ ಬ್ರೆಡ್ಡಿನ ವಾಸನೆ, ವೈನಿನ ವಾಸನೆ, ಕಿಟಕಿಯಾಚೆಯ ಸಮುದ್ರ, ಎಲ್ಲ ಅದರೊಳಗಿದ್ದವು. ಈಗಲೂ ಇವೆ. ಅಪ್ಪ ಮಾತ್ರ ಅದರೊಳಗಿಲ್ಲ."

ಗುರುಗಳು ಮೇಲುವಸ್ತ್ರ ಸರಿಪಡಿಸಿಕೊಂಡು ಎದ್ದರು.

"ನಾಳೆ ಹುಣ್ಣಿಮೆಯ ಊಟ. ನೀನು ಬಡಿಸು."

ಮರುದಿನ ಎಲೆ ಹಾಕಿತ್ತು. ಅನ್ನ ಬಿದ್ದಿತ್ತು. ಸಾರು ಬರಲಿಲ್ಲ. ಚೆಲುವಯ್ಯ ಕೈಯಲ್ಲಿ ಕೋಲು ಹಿಡಿದು, ಎದೆ ಸೆಟೆಸಿ ಒಂದು ಕಂಬದ ಪಕ್ಕ ನಿಂತಿದ್ದ.

"ಸಾರೆಲ್ಲಿ ಚೆಲುವಯ್ಯ?"

"ಬಡಿಸುವುದು ನನ್ನ ಕೈಲಾಗದು ಗುರುಗಳೇ. ಬಾಗಿಲು ಕಾಯುತ್ತೇನೆ."

"ಇಲ್ಲಿ ಬಾಗಿಲೇ ಇಲ್ಲವಲ್ಲಯ್ಯ."

ನಿಜ. ನಾಲ್ಕು ಕಂಬದ ಮೇಲೊಂದು ಹುಲ್ಲಿನ ಮಾಡು, ಅಷ್ಟೇ.

ಗುರುಗಳು ಮೇಲುವಸ್ತ್ರವನ್ನು ಹೆಗಲಿಗೆ ಎಸೆದುಕೊಂಡು ಸಾರಿನ ಪಾತ್ರೆ ಎತ್ತಿದರು. ಎಂಬತ್ತು ದಾಟಿದ ಮೈ. ಒಂದೊಂದು ಎಲೆಯ ಮುಂದೆಯೂ ಬಗ್ಗಿದರು. "ಇನ್ನೊಂದು ಸೌಟು ಹಾಕಲೇನಮ್ಮ?" ಎಂದು ಪ್ರತಿಯೊಬ್ಬರನ್ನೂ ವಿಚಾರಿಸಿದರು.

ಆ ಬಾಗಿದ ಬೆನ್ನನ್ನು ಚೆಲುವಯ್ಯ ನೋಡಿದ. ದಿನವೂ ಕನಸಿನಲ್ಲಿ ಕಾಣುವ ಬೆನ್ನು ಅದು. ಅದರಲ್ಲಿ ನಾಚಿಕೆ ಎಲ್ಲಿದೆ ಎಂದು ಹುಡುಕಿದ. ಸಿಗಲಿಲ್ಲ.

ಕೋಲನ್ನು ಕಂಬಕ್ಕೆ ಒರಗಿಸಿ ನದಿಗಿಳಿದ. ಮೀಸೆಯ ಅಂಚು ತಿದ್ದಲು ಇಟ್ಟುಕೊಂಡಿದ್ದ ಕತ್ತಿ ಚೀಲದಲ್ಲೇ ಇತ್ತು. ಕೂದಲು ನೀರಿಗೆ ಬಿದ್ದು, ಸುತ್ತಿ ಸುತ್ತಿ, ನಿಧಾನವಾಗಿ ದೂರ ಹೋಯಿತು.

ಮುಖ ತೊಳೆಯಲು ಬಗ್ಗಿದ. ಅಲೆಗಳು ಅಡಗಿದವು. ನೀರೊಳಗಿಂದ ಬೋಳು ತುಟಿಯ ಒಬ್ಬ ಮುದುಕ ಅವನನ್ನೇ ನೋಡುತ್ತಿದ್ದ.

ಚೆಲುವಯ್ಯ ಉಸಿರು ಬಿಡಲಿಲ್ಲ. ಮೆಲ್ಲಗೆ ಕೈ ಮುಗಿದ. ಅವರೂ ಮುಗಿದರು.

ಬರಿದಾದ ಪಾತ್ರೆ ತೊಳೆಯಲು ಬಂದ ಗುರುಗಳು ಪಕ್ಕದಲ್ಲಿ ನಿಂತು ನೀರನ್ನು ನೋಡಿದರು.

"ಮಜ್ಜಿಗೆ ಇನ್ನೂ ಬಡಿಸಿಲ್ಲ. ಇಬ್ಬರೂ ಬನ್ನಿ."