ಬೋರಲಿಂಗ ಎಂಜಿನ್ ಬದಲಿಸಿದ್ದು

ವ್ಯಾಪಾರ ಮೂರು ಲಕ್ಷ ಹತ್ತು ಸಾವಿರದ್ದು. ಬಾಣಾವರದ ಚನ್ನಾಜಮ್ಮನ ಮಲಗುವ ವ್ಯಾನನ್ನು ಚಿಕ್ಕಮಗಳೂರಿನ ಪರ್ವತೇಗೌಡರು ಕೊಳ್ಳುತ್ತಾರೆ. ಗೌಡರದು ಟೂರಿಸ್ಟುಗಳಿಗೆ ರಾತ್ರಿ ಉಳಿಯಲು ಜಾಗ ಕೊಡುವ ಕಸುಬು. ಅವರ ಷರತ್ತು ಒಂದೇ. ವ್ಯಾನಿನ ಪೆಟ್ರೋಲ್ ಎಂಜಿನ್ ಬೇಡ, ಅದಕ್ಕೆ ಕುಡಿಸಿ ಘಟ್ಟ ಹತ್ತಿಸುವಷ್ಟರಲ್ಲಿ ಜೇಬು ಬರಿದಾಗುತ್ತದೆ. ಡೀಸೆಲ್ ಎಂಜಿನ್ ಕೂರಿಸಿರಬೇಕು. ಶುಕ್ರವಾರ ತಾವು ಬಂದಾಗ ಅದು ಕಣ್ಣೆದುರು ಓಡುತ್ತಿರಬೇಕು.

ಚನ್ನಾಜಮ್ಮ ಸ್ಟೀಲ್ ಪಾತ್ರೆಯವಳು. ಹಳೇ ಸೀರೆ, ಸೀಳಿದ ಬಿಂದಿಗೆ, ಮುರಿದ ಬಕೆಟ್ಟು, ಏನು ತಂದರೂ ತಿರುಗಿಸಿ ನೋಡಿ ಬದಲಿಗೆ ಹೊಸ ಪಾತ್ರೆ ಕೊಡುತ್ತಾಳೆ. ಹನ್ನೆರಡು ವರ್ಷ ಆ ವ್ಯಾನಿನಲ್ಲೇ ಸಂತೆಯಿಂದ ಸಂತೆಗೆ ತಿರುಗಿ, ಅದರೊಳಗಿನ ಒಲೆಯಲ್ಲೇ ಬೇಯಿಸಿ, ಅದರೊಳಗಿನ ಮಂಚದ ಮೇಲೇ ಮಲಗಿದ್ದಾಳೆ. ಈಗ ಬಸ್ ಸ್ಟ್ಯಾಂಡ್ ಎದುರು ಒಂದು ಮಳಿಗೆ ಖಾಲಿಯಾಗಿದೆ. ಮಾಲೀಕ ಶನಿವಾರದವರೆಗೆ ಕಾಯುತ್ತೇನೆ ಅಂದಿದ್ದಾನೆ. ವ್ಯಾನು ಹೋದರೆ ಮಳಿಗೆ ಬರುತ್ತದೆ.

ಇದರ ನಡುವೆ ಇದ್ದವನು ಮಗ ಬೋರಲಿಂಗ. ಆಳು ಎತ್ತಿನಂಥವನು. ಅವ್ವ ಹೇಳಿದ ಮಾತನ್ನು ಒಂದು ದಿನವೂ ಮೀರಿದವನಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಭಾನುವಾರ ಚನ್ನಾಜಮ್ಮ ಮಗನನ್ನು ಕರೆದಳು. “ಅರಸೀಕೆರೆಯ ದಸ್ತಗೀರ್ ಸಾಬರ ಗ್ಯಾರೇಜಿಗೆ ಹೋಗು. ದುಡ್ಡು ಆಗಲೇ ಮುಟ್ಟಿಸಿದೀನಿ. ಡೀಸೆಲ್ ಎಂಜಿನ್ ಕೊಡ್ತಾರೆ. ಹಸುಗೂಸನ್ನ ತರೋ ಹಂಗೆ ಹುಷಾರಾಗಿ ತಗೊಂಡು ಬಾ.”

“ಆಗಲಿ ಕಣವ್ವ.”

ಮಧ್ಯಾಹ್ನ ಬಾಗಿಲಿಗೆ ಆಟೋ ಬಂತು. ಜನ ಕೂರುವ ಆಟೋ. ಹಿಂದಿನ ಸೀಟಿನಲ್ಲಿ ಎಂಜಿನ್ ಕೂತಿತ್ತು. ಬೋರಲಿಂಗ ಅದರ ಹೆಗಲ ಮೇಲೆ ಕೈ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದ. ಎಂಜಿನ್ನಿನ ಮೇಲೆ ಉಣ್ಣೆಯ ಕುಲಾವಿ. ಸೀಟಿನ ತುಂಬ ಕರೀ ಆಯಿಲ್ಲು.

“ಗಾಳಿ ಹೊಡೀತಿತ್ತು ಕಣವ್ವ, ಅದಕ್ಕೇ ಕುಲಾವಿ ಹಾಕಿದೆ,” ಅಂದ ಬೋರಲಿಂಗ. “ದಾರೀಲಿ ಎರಡು ಸಲ ಒದ್ದೆ ಮಾಡ್ಕೊಂತು.”

ಆಟೋದವನು ಸೀಟಿನ ಬಾಬ್ತು ಸಾವಿರದ ಎಂಟುನೂರು ವಸೂಲಿ ಮಾಡಿಕೊಂಡು ಹೋದ.

“ಅಯ್ಯೋ ಪೆದ್ದು ಮುಂಡೇದೇ,” ಅಂದಳು ಚನ್ನಾಜಮ್ಮ. “ಗೋಣಿಚೀಲ ಸುತ್ತಬೇಕು, ಹಗ್ಗ ಬಿಗೀಬೇಕು, ಗೂಡ್ಸ್ ಆಟೋದಲ್ಲಿ ಅಡ್ಡ ಮಲಗಿಸಬೇಕು. ಅರಸೀಕೆರೆಯಿಂದ ಏನು ತಂದರೂ ಹಂಗೇ ತರಬೇಕು.”

“ಆಗಲಿ ಕಣವ್ವ, ಇನ್ನು ಮೇಲೆ ಹಂಗೇ.”

ಸೋಮವಾರ ಎಂಜಿನ್ ಕೂರಿಸಲು ಸಾಬರೇ ಬರಬೇಕಿತ್ತು. ಅರವತ್ತೈದು ದಾಟಿದ, ಕಡ್ಡಿಯಂಥ ಮನುಷ್ಯ. ಕರೆತರಲು ಬೋರಲಿಂಗ ಹೋದ. ಗೂಡ್ಸ್ ಆಟೋ ಬಂತು. ಒಳಗೆ ಗೋಣಿಚೀಲ ಸುತ್ತಿದ ಉದ್ದನೆಯ ಗಂಟು, ಹಗ್ಗ ಬಿಗಿದು ಅಡ್ಡ ಮಲಗಿಸಿತ್ತು. ಗಂಟು ಸೀನುತ್ತಿತ್ತು. ಮೆಣಸಿನಕಾಯಿ ತುಂಬಿದ್ದ ಚೀಲ ಅದು.

ಬಿಚ್ಚಿದ ಮೇಲೆ ಸಾಬರು ಇನ್ನೂ ನಾಲ್ಕು ಸಲ ಸೀನಿದರು. ಆಮೇಲೆ, “ಅಕ್ಕ, ಬೆನ್ನ ಕೆಳಗೆ ಸ್ಪ್ಯಾನರು ಸಿಕ್ಕೊಂಡಿದೆ. ಮೊದಲು ಅದನ್ನ ತೆಗೆಸಿ,” ಅಂದರು.

“ನಿಮ್ಮ ಬಾಯಲ್ಲಿ ಮಾತು ಇರಲಿಲ್ಲವಾ ಸಾಬ್ರೇ?”

“ಇತ್ತಕ್ಕ. ಇವನು ಅವ್ವ ಹೇಳವ್ಳೆ ಅಂದ. ನೀವು ಹೇಳಿದ ಮೇಲೆ ಏನೋ ಕಾರಣ ಇರುತ್ತೆ ಅಂದ್ಕೊಂಡೆ.”

ಚನ್ನಾಜಮ್ಮ ಹಣೆ ಚಚ್ಚಿಕೊಂಡಳು. “ಕೆಲಸಕ್ಕೆ ಅಂತ ಮನೆಗೆ ಬಂದರೆ ಮೊದಲು ಕುರ್ಚಿ ಹಾಕಿ ಕೂರಿಸಬೇಕು ಕಣೋ. ಬಿಸಿ ಬಿಸಿ ಟೀ ಕೊಡಬೇಕು. ಅದು ಒಳಕ್ಕೆ ಇಳಿದ ಮೇಲೇ ಕೆಲಸಕ್ಕೆ ಹಚ್ಚಬೇಕು.”

“ಆಗಲಿ ಕಣವ್ವ, ಇನ್ನು ಮೇಲೆ ಹಂಗೇ.”

ಸಾಬರು ಹಳೇ ಎಂಜಿನ್ ಇಳಿಸಿದರು, ಮಾತಿನಂತೆ ಅದು ಅವರ ಪಾಲಿಗೆ ಹೋಯಿತು. ಹೊಸದನ್ನು ಅಂಗಳದಲ್ಲಿ ನಾಲ್ಕು ಕಲ್ಲಿನ ಮೇಲೆ ಕೂರಿಸಿ, ಪಕ್ಕಕ್ಕೆ ಬ್ಯಾಟರಿ ಇಟ್ಟು, ನುಗ್ಗೆಮರದ ಕೊಂಬೆಗೆ ಡೀಸೆಲ್ ಕ್ಯಾನು ನೇತುಹಾಕಿ ಓಡಿಸಿ ನೋಡಿದರು. ಬೋರಲಿಂಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ನೋಡಿದ. ಎಂಜಿನ್ ಸರಿಯಿತ್ತು. ಡೀಸೆಲ್ ಪಂಪು ಮಾತ್ರ ಸೋರುತ್ತಿತ್ತು.

ಮಂಗಳವಾರ ಪಂಪನ್ನು ಕಡೂರಿಗೆ ಒಯ್ದು ರಿಪೇರಿ ಮಾಡಿಸಿಕೊಂಡು ಬಂದವನು ಬೋರಲಿಂಗ. ಗೋಣಿಚೀಲ ಸುತ್ತಿರಲಿಲ್ಲ, ಕಡೂರು ಅರಸೀಕೆರೆ ಅಲ್ಲವಲ್ಲ. ಚನ್ನಾಜಮ್ಮ ಒಳಗಿನಿಂದ ಬರುವಷ್ಟರಲ್ಲಿ ಪಂಪು ಕುರ್ಚಿಯ ಮೇಲೆ ಕೂತಿತ್ತು. ಬೋರಲಿಂಗ ಕೈಯಲ್ಲಿ ಲೋಟ ಹಿಡಿದು ಎದುರು ನಿಂತಿದ್ದ.

“ಎರಡು ಲೋಟ ಕುಡೀತು ಕಣವ್ವ. ಈಗ ಕೆಲಸಕ್ಕೆ ಹಚ್ಚಬೌದು.”

ಸಾಬರು ಪಂಪನ್ನು ಬಗ್ಗಿಸಿದರು. ಬಂದದ್ದನ್ನು ಬೆರಳಿಗೆ ಹಚ್ಚಿ ಮೂಸಿದರು. “ಶುಂಠಿ ಹಾಕಿದೀರ,” ಅಂದರು. ಆಮೇಲೆ ಕೂತು ಒಂದೊಂದೇ ಭಾಗ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದರು. ಅರ್ಧ ದಿನ ಹೋಯಿತು.

“ಡೀಸೆಲ್ ಗಾಡಿ ಕಣೋ ಇದು,” ಅಂದಳು ಚನ್ನಾಜಮ್ಮ. “ಡೀಸೆಲ್ಲಿಗೆ ಸಂಬಂಧಪಡದ್ದು ಒಳಗೆ ಒಂದು ಚೂರೂ ಇರಬಾರದು. ಇದ್ದರೆ ಬಿಚ್ಚಿ ಆಚೆಗೆ ತೆಗಿ, ತೊಳಿ, ಬಿಸಿಲಿಗಿಡು.”

“ಆಗಲಿ ಕಣವ್ವ, ಇನ್ನು ಮೇಲೆ ಹಂಗೇ.”

ಸಂಜೆಯೊಳಗೆ ಎಂಜಿನ್ ವ್ಯಾನಿನೊಳಗೆ ಕೂತಿತು. ಬುಧವಾರ ಚನ್ನಾಜಮ್ಮ ಬಸ್ಸಿನಲ್ಲಿ ಸಂತೆಗೆ ಹೋದಳು. ಹೋಗುವಾಗ, ಗೌಡರು ಬರುತ್ತಾರೆ, ವ್ಯಾನು ಚೊಕ್ಕ ಮಾಡಿಡು ಅಂದಿದ್ದಳು. ಮೂರು ಗಂಟೆಗೆ ಬಂದು ನೋಡಿದರೆ ಅಂಗಳದ ತುಂಬ ಸಾಮಾನು. ಮಂಚ, ಒಲೆ, ಬೀರು, ಕೈತೊಳೆಯುವ ಬೋಗುಣಿ, ಕಿಟಕಿಯ ಪರದೆ, ಎಲ್ಲವನ್ನೂ ಸ್ಕ್ರೂ ಬಿಚ್ಚಿ, ತೊಳೆದು, ಬಿಸಿಲಿಗೆ ಸಾಲಾಗಿ ಇಟ್ಟಿದ್ದ. ವ್ಯಾನಿನೊಳಗೆ ಎಂಜಿನ್ ಬಿಟ್ಟರೆ ಡ್ರೈವರ್ ಸೀಟು ಮಾತ್ರ ಇತ್ತು.

“ಸೀಟು ಡೀಸೆಲ್ಲಿಗೆ ಸಂಬಂಧಪಡುತ್ತಾ ಇಲ್ಲವಾ ಗೊತ್ತಾಗಲಿಲ್ಲ,” ಅಂದ ಬೋರಲಿಂಗ. “ನಿನ್ನ ಕೇಳಿ ಬಿಚ್ಚೋಣ ಅಂತ ಬಿಟ್ಟೆ.”

“ಗೋಡೆ ಕನ್ನಡಿ ಎಲ್ಲೋ?”

“ಯಾರೋ ದಾರೀಲಿ ಹೋಗ್ತಿದ್ದೋನು ಚೆನ್ನಾಗಿದೆ ಅಂದ. ಬೇಕಾ ಅಂದೆ. ಬೇಕು ಅಂದ. ಕೊಟ್ಟೆ.”

“ಏನು ಇಸ್ಕೊಂಡೆ?”

“ಏನೂ ಇಲ್ಲ.”

ಚನ್ನಾಜಮ್ಮ ಅಲ್ಲೇ ಮಂಚದ ಮೇಲೆ ಕೂತುಬಿಟ್ಟಳು. ಬಿಚ್ಚಿದ್ದಕ್ಕೆ ಬಂದ ಸಿಟ್ಟು ಒಂದು ಪಾಲಾದರೆ ಇದಕ್ಕೆ ಬಂದದ್ದು ಹತ್ತು ಪಾಲು. “ಪುಕ್ಕಟೆ ಕೊಟ್ಟೆಯಾ? ನನ್ನ ಮಗನಾಗಿ ಪುಕ್ಕಟೆ ಕೊಟ್ಟೆಯಾ? ನಮ್ಮ ಕೈಯಿಂದ ಒಂದು ಸಾಮಾನು ಹೋದರೆ ನಮ್ಮ ಕೈಗೆ ಒಂದು ಸಾಮಾನು ಬರಬೇಕು ಕಣೋ. ಅದೂ ಅವರು ಮೊದಲು ಹೇಳಿದ್ದಕ್ಕೆ ಒಪ್ಪಬಾರದು, ಮೇಲೊಂದು ಕೇಳಿ ಇಸ್ಕೋಬೇಕು. ಇನ್ನು ಮಂಚ, ಒಲೆ, ಬೀರು, ಇವನ್ನ ಬಿಚ್ಚಿದರೆ ಕೈ ಮುರೀತೀನಿ.”

“ಆಗಲಿ ಕಣವ್ವ, ಇನ್ನು ಮೇಲೆ ಹಂಗೇ.”

ಸಾಬರು ಬಂದು ಸಂಜೆಯವರೆಗೆ ಸ್ಕ್ರೂ ತಿರುಗಿಸಿದರು. ಹೋಗುವಾಗ ಬೋರಲಿಂಗನಿಗೆ ಒಂದೇ ಮಾತು ಹೇಳಿದರು. “ಟ್ಯಾಂಕಿಗೆ ಪೆಟ್ರೋಲ್ ಒಂದು ತೊಟ್ಟು ಬಿದ್ದರೂ ಪಂಪು ಕೆಡುತ್ತೆ ಮಗ. ಪೆಟ್ರೋಲ್ ಇರೋ ಕಡೆ ತಲೆ ಕೂಡ ಹಾಕಬೇಡ.”

ಗುರುವಾರ ಚನ್ನಾಜಮ್ಮ ದುಡ್ಡು ಕೊಟ್ಟು ಡೀಸೆಲ್ ಹಾಕಿಸಿಕೊಂಡು ಬಾ ಅಂದಳು. ವ್ಯಾನು ಬೆಳಿಗ್ಗೆ ಹೋದದ್ದು ಮಧ್ಯಾಹ್ನವಾದರೂ ಬರಲಿಲ್ಲ. ಕೊನೆಗೆ ಬಂತು. ಶಬ್ದವಿಲ್ಲದೆ ಬಂತು. ಹಿಂದಿನಿಂದ ಬೋರಲಿಂಗ ತಳ್ಳುತ್ತಿದ್ದ.

“ಎಲ್ಲೂ ಸಿಗಲಿಲ್ಲ ಕಣವ್ವ. ಇಲ್ಲಿ ಕೇಳಿದೆ, ಇದು ಪೆಟ್ರೋಲ್ ಬಂಕು ಅಂದರು. ಕಡೂರಿಗೆ ಹೋದೆ, ಅದೂ ಪೆಟ್ರೋಲ್ ಬಂಕು. ಅರಸೀಕೆರೆ ಹಾದೀಲಿ ಮೂರಿದ್ದವು, ಮೂರೂ ಪೆಟ್ರೋಲ್ ಬಂಕೇ. ತಲೆ ಹಾಕದೆ ಬಂದುಬಿಟ್ಟೆ. ಇದ್ದ ಡೀಸೆಲ್ಲು ದೇವನೂರು ಕೆರೆ ಹತ್ತಿರ ಮುಗೀತು.”

ಡೀಸೆಲ್ ಗಾಡಿ ಒಮ್ಮೆ ಪೂರ್ತಿ ಬರಿದಾದರೆ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಸುಮ್ಮನೆ ಡೀಸೆಲ್ ಸುರಿದರೆ ಓಡುವುದಿಲ್ಲ, ನಟ್ಟು ಸಡಿಲಿಸಿ ಆ ಗಾಳಿಯನ್ನು ತೆಗೆಯಬೇಕು. ಸಾಬರು ಕ್ಯಾನಿನಲ್ಲಿ ಡೀಸೆಲ್ ಹಿಡಿದುಕೊಂಡು ಮತ್ತೆ ಬಂದರು. ಗಾಳಿ ತೆಗೆದರು. “ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗೌಡರು ಬಂದು ನೋಡೋವರೆಗೂ ಆಫ್ ಮಾಡಬೇಡ,” ಅಂದು ಕೈ ಒರೆಸಿಕೊಂಡರು.

ಚನ್ನಾಜಮ್ಮ ಮಗನ ಕಿವಿ ಹಿಡಿದಳು. “ಬಂಕಿನ ಬೋರ್ಡು ಕಟ್ಕೊಂಡು ನಿನಗೇನೋ ಆಗಬೇಕು? ಹೊರಗೆ ಕಾಣೋದಕ್ಕೆ ಮೂರು ಕಾಸಿನ ಬೆಲೆ ಇಲ್ಲ, ಒಳಗಿರೋದನ್ನ ನೋಡು. ಗೌಡರು ಮೂರು ಲಕ್ಷ ಕೊಡ್ತಿರೋದು ಯಾತಕ್ಕೆ? ಒಳಗಿರೋ ಡೀಸೆಲ್ ಎಂಜಿನ್ನಿಗೆ. ಹೊರಗಿನ ತಗಡಿಗಲ್ಲ.”

“ಆಗಲಿ ಕಣವ್ವ, ಇನ್ನು ಮೇಲೆ ಹಂಗೇ.”

ಶುಕ್ರವಾರ ಬೆಳಿಗ್ಗೆ ಎಂಜಿನ್ ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಚನ್ನಾಜಮ್ಮ ಒಳ್ಳೇ ಸೀರೆ ಉಟ್ಟು ಗೌಡರನ್ನು ಎದುರುಗೊಳ್ಳಲು ಬಸ್ ಸ್ಟ್ಯಾಂಡಿಗೆ ಹೋದಳು. ಹೋದವಳು ಮಳಿಗೆಯ ಷಟರನ್ನೂ ಒಮ್ಮೆ ಮುಟ್ಟಿ ನೋಡಿದಳು. ಗೌಡರು ಕಂಕುಳಲ್ಲಿ ಚೀಲ ಅವುಚಿಕೊಂಡು ಬಸ್ಸಿಳಿದರು. ಇಬ್ಬರೂ ಬೀದಿಯ ತಿರುವಿಗೆ ಬರುವಾಗಲೇ ಶಬ್ದ ಕೇಳಿಸಿತು.

“ಕೇಳಿ ಗೌಡ್ರೇ,” ಅಂದಳು.

ಗೌಡರು ನಿಂತು ಕೇಳಿದರು. “ಒಳ್ಳೇ ಓಟ. ಹೊಗೆಯೂ ಕಾಣ್ತಿಲ್ಲ.”

ಅಂಗಳದಲ್ಲಿ ನಾಲ್ಕು ಕಲ್ಲುಗಳಿದ್ದವು. ಕಲ್ಲುಗಳ ಮೇಲೆ ಎಂಜಿನ್ ಓಡುತ್ತಿತ್ತು. ಪಕ್ಕದಲ್ಲಿ ಬ್ಯಾಟರಿ, ನುಗ್ಗೆಮರದ ಕೊಂಬೆಗೆ ಡೀಸೆಲ್ ಕ್ಯಾನು. ಸ್ವಲ್ಪ ದೂರದಲ್ಲಿ ಒಂದು ನೀಲಿ ಡ್ರಮ್ಮು. ಬೋರಲಿಂಗ ಕುರ್ಚಿ ತಂದು ಗೌಡರನ್ನು ಕೂರಿಸಿದ. ಟೀ ಕೊಟ್ಟ. ಅದು ಒಳಕ್ಕೆ ಇಳಿಯುವವರೆಗೆ ಕಾದ.

“ವ್ಯಾನು ಎಲ್ಲೋ?” ಅಂದಳು ಚನ್ನಾಜಮ್ಮ.

“ಗುಜರಿ ಲಾರಿ ಬಂದಿತ್ತು ಕಣವ್ವ. ಹಳೇ ತಗಡು ಇದೆಯಾ ಅಂದರು. ಹೊರಗಿನ ತಗಡಿಗೆ ಬೆಲೆ ಇಲ್ಲ ಅಂದಿದ್ದೆಯಲ್ಲ, ಕೊಟ್ಟೆ. ನಾಲ್ಕು ಜನ ಇದ್ದರು, ಎಂಜಿನ್ ಇಳಿಸೋಕೆ ಅವರೇ ಕೈ ಹಾಕಿದರು.”

“ಮಂಚ? ಒಲೆ? ಬೀರು?”

“ಬಿಚ್ಚಿದರೆ ಕೈ ಮುರೀತೀನಿ ಅಂದಿದ್ದೆ. ಬಿಚ್ಚಲಿಲ್ಲ, ಹಂಗೇ ಕೊಟ್ಟೆ.” ಬೋರಲಿಂಗ ತಲೆ ತಗ್ಗಿಸಿದ. “ಎಂಜಿನ್ ಇಳಿಸುವಾಗ ಮಾತ್ರ ಒಂದು ಸಲ ಆಫ್ ಮಾಡಿದೆ ಕಣವ್ವ. ತಪ್ಪಾಯ್ತು.”

ಗೌಡರು ಲೋಟ ಕೆಳಗಿಟ್ಟರು. ಎಂಜಿನ್ನಿನ ಸುತ್ತ ಒಂದು ಸುತ್ತು ಬಂದರು. “ಎಂಜಿನ್ನಿಗೆ ಒಂದು ಮಾತೂ ಆಡೋ ಹಂಗಿಲ್ಲ ಕಣಮ್ಮ. ಆದರೆ ಟೂರಿಸ್ಟುಗಳು ಇದರ ಮೇಲೆ ಮಲಗಲ್ಲ.”

“ಗೋಣಿಚೀಲ ಸುತ್ತಿ, ಹಗ್ಗ ಬಿಗಿದು ಕೊಡಲಾ ಗೌಡ್ರೇ?” ಅಂದ ಬೋರಲಿಂಗ.

ಗೌಡರು ಚೀಲವನ್ನು ಕಂಕುಳಿಗೆ ಸೇರಿಸಿಕೊಂಡು ಹನ್ನೊಂದೂವರೆಯ ಬಸ್ಸಿಗೆ ಹೋದರು.

ಅಂಗಳದಲ್ಲಿ ಎಂಜಿನ್ ಓಡುತ್ತಲೇ ಇತ್ತು. ಚನ್ನಾಜಮ್ಮ ಗೌಡರು ಬಿಟ್ಟುಹೋದ ಕುರ್ಚಿಯಲ್ಲಿ ಕೂತಳು. ಆಮೇಲೆ ಕೇಳಿದಳು. “ಪುಕ್ಕಟೆ ಕೊಟ್ಟೆಯಾ?”

“ಇಲ್ಲ ಕಣವ್ವ,” ಅಂದ ಬೋರಲಿಂಗ. ಅಷ್ಟು ದಿನದಲ್ಲಿ ಮೊದಲ ಸಲ ಅವನ ಮುಖ ಅರಳಿತು. “ಬರೀ ಡ್ರಮ್ಮು ಕೊಡ್ತೀನಿ ಅಂದರು. ನಾನು ಬಿಡಲಿಲ್ಲ. ಅರ್ಧ ಗಂಟೆ ಚೌಕಾಸಿ ಮಾಡಿ ಮುಚ್ಚಳಾನೂ ಇಸ್ಕೊಂಡೆ.”

ಚನ್ನಾಜಮ್ಮ ಎದ್ದು ಹೋಗಿ ಡ್ರಮ್ಮನ್ನು ಬೆರಳಲ್ಲಿ ತಟ್ಟಿದಳು. ಬಗ್ಗಿಸಿ ತಳ ನೋಡಿದಳು. ಮುಚ್ಚಳವನ್ನು ಮೇಲಿಟ್ಟು ಒತ್ತಿ ನೋಡಿದಳು.

ಮೂರು ಲಕ್ಷ ಹತ್ತು ಸಾವಿರದ ವ್ಯಾಪಾರದಲ್ಲಿ ಒಟ್ಟು ಬಂದದ್ದು ಇಷ್ಟು: ಇನ್ನೂರು ಲೀಟರಿನ ನೀಲಿ ಡ್ರಮ್ಮು ಒಂದು. ಮುಚ್ಚಳ ಒಂದು, ಡ್ರಮ್ಮಿಗಿಂತ ಒಂದು ಸೈಜು ಚಿಕ್ಕದು.